ಏಳನೇ ನಂಬರಿನ ಎಡಮಂಡಿ

ಹಾಸನದ ನನ್ನ ಫಿಸಿಯೋಥೆರಪಿ ಕೋಣೆಗೆ ಬರುವ ಮಂಡಿಗಳು ಹೆಚ್ಚಾಗಿ ಐವತ್ತು ದಾಟಿದವು. ಆಲೂಗಡ್ಡೆ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಸವೆದವು, ಬಸ್ಸಿನ ಕ್ಲಚ್ಚು ತುಳಿದು ಸವೆದವು. ಅವಕ್ಕೆ ಏನು ಹೇಳಬೇಕೆಂಬುದು ನನಗೆ ಬಾಯಿಪಾಠ. ಹದಿನೇಳರ ಮಂಡಿ ಬಂದಾಗ ಮಾತ್ರ ಮಾತು ತಡವರಿಸುತ್ತದೆ, ಯಾಕೆಂದರೆ ಅದು ತನ್ನ ಜೊತೆಗೆ ಒಂದು ತಾರೀಖನ್ನೂ ಕರೆತಂದಿರುತ್ತದೆ. ಐವತ್ತರ ಮಂಡಿಯವರು "ಯಾವಾಗ ವಾಸಿಯಾಗುತ್ತೆ" ಅಂತ ಕೇಳುತ್ತಾರೆ. ಹದಿನೇಳರವರು "ಅಷ್ಟರೊಳಗೆ ಆಗುತ್ತಾ" ಅಂತ ಕೇಳುತ್ತಾರೆ.

ಇದು ಅಂಥ ಒಂದು ಮಂಡಿಯ ಪ್ರಕರಣ. ಆಟಗಾರ್ತಿ ಮತ್ತು ಆಕೆಯ ಅಪ್ಪ ಇಬ್ಬರ ಒಪ್ಪಿಗೆ ಪಡೆದಿದ್ದೇನೆ, ಗುರುತು ಹತ್ತುವಂಥ ವಿವರ ಬದಲಿಸಿದ್ದೇನೆ. ಹೆಸರಿನ ಬದಲು ಜೆರ್ಸಿ ನಂಬರು ಸಾಕು: ಏಳು. ಅವಳ ತಂಡದ ಹುಡುಗಿಯರೂ ಅವಳನ್ನು ಹಾಗೇ ಕರೆಯುತ್ತಿದ್ದರು.

ಬಿದ್ದ ಸಂಜೆ

ಏಳು ದ್ವಿತೀಯ ಪಿಯುಸಿ ಸೈನ್ಸ್ ಹುಡುಗಿ, ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ ಪಾಯಿಂಟ್ ಗಾರ್ಡ್, ಅಂದರೆ ಬಾಲ್ ಮುಂದಕ್ಕೆ ತಂದು ಆಟ ನಡೆಸುವವಳು. ಅಪ್ಪ ಗೂಡ್ಸ್ ಆಟೋ ಓಡಿಸುತ್ತಾರೆ, ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಮನೆಯಲ್ಲಿ ಅಜ್ಜಿ. ಜಿಲ್ಲಾಮಟ್ಟ ಗೆದ್ದಾಗಿತ್ತು, ರಾಜ್ಯಮಟ್ಟದ ಕೂಟಕ್ಕೆ ಇನ್ನೂ ಐದೂವರೆ ವಾರ ಇತ್ತು. ಸೆಪ್ಟೆಂಬರ್ ಕೊನೆಯ ಒಂದು ಸಂಜೆ, ತುಂತುರು ಹನಿದು ನಿಂತ ಮೇಲೆ, ಕಾಲೇಜಿನ ಸಿಮೆಂಟ್ ಕೋರ್ಟಿನಲ್ಲಿ ಇನ್ನೊಂದು ಕಾಲೇಜಿನ ಜೊತೆ ಅಭ್ಯಾಸ ಪಂದ್ಯ.

ಬಾಲ್ ಕಸಿದುಕೊಂಡು ಒಬ್ಬಳೇ ಮುಂದಕ್ಕೆ ಓಡಿದಳು. ಎದುರಿಗೆ ಡಿಫೆಂಡರ್ ಬಂದಿದ್ದು ನೋಡಿ ಗಕ್ಕನೆ ನಿಂತು, ಬಲಕ್ಕೆ ತಿರುಗಿ ಪಾಸ್ ಕೊಡಲು ಹೋದಳು. ಪಾದ ನೆಲದಲ್ಲೇ ಉಳಿಯಿತು, ಮೈ ತಿರುಗಿತು. ಯಾರೂ ಅವಳನ್ನು ಮುಟ್ಟಿರಲಿಲ್ಲ. ಪಕ್ಕದಲ್ಲಿದ್ದವಳಿಗೂ ಕೇಳಿಸುವಷ್ಟು ಜೋರಾಗಿ, ಬೆರಳು ನೆಟಿಕೆ ಮುರಿದಂಥ ಒಂದು ಸದ್ದು.

ಆಮೇಲೆ ಆಗಿದ್ದೇ ಎಲ್ಲರನ್ನೂ ದಾರಿ ತಪ್ಪಿಸಿತು. ಹತ್ತು ನಿಮಿಷ ಕೂತು, ಎದ್ದು, ನಡೆದಳು. ಸೈಡಿನಲ್ಲಿ ನಿಂತು ಎರಡು ಬಾಲ್ ಬಾಸ್ಕೆಟ್ಟಿಗೆ ಹಾಕಿದಳು ಕೂಡ. "ಏನಾಗಿಲ್ಲ ಬಿಡಿ ಸರ್, ಸ್ವಲ್ಪ ಉಳುಕಿದೆ" ಅಂದಳು. ಮನೆ ಸೇರುವ ಹೊತ್ತಿಗೆ, ಅಂದರೆ ಎರಡು ಗಂಟೆಯೊಳಗೆ, ಮಂಡಿ ಸಿಪ್ಪೆ ಸುಲಿದ ತೆಂಗಿನಕಾಯಿಯಂತೆ ಊದಿತ್ತು.

ಈ ಎರಡು ಗಂಟೆ ಮುಖ್ಯ. ಮಾಮೂಲಿ ಉಳುಕಿನ ಊತ ರಾತ್ರಿ ಕಳೆದು ಬೆಳಗ್ಗೆ ಕಾಣಿಸುತ್ತದೆ, ಕೀಲಿನೊಳಗಿನ ನೀರು ನಿಧಾನವಾಗಿ ತುಂಬುತ್ತದೆ. ಒಂದೆರಡು ಗಂಟೆಯಲ್ಲೇ ಊದಿಕೊಂಡರೆ ಒಳಗೆ ತುಂಬಿರುವುದು ರಕ್ತ. ಆಟದ ಹುಡುಗ ಹುಡುಗಿಯರಲ್ಲಿ ತಿರುಚು, ಸದ್ದು, ಬೇಗ ಊತ ಮೂರೂ ಒಟ್ಟಿಗೆ ಬಂದರೆ ಮೊದಲು ಅನುಮಾನಿಸಬೇಕಾದದ್ದು ಎಸಿಎಲ್ ಲಿಗಮೆಂಟನ್ನು, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಪಟ್ಟಿಯನ್ನು. ಇದನ್ನು ತಿಳಿಯಲು ಯಂತ್ರ ಬೇಡ, ಗಡಿಯಾರ ಸಾಕು. ಆದರೆ ಅಜ್ಜಿಗೆ ಅದನ್ನು ಯಾರೂ ಹೇಳಿರಲಿಲ್ಲ. "ನರ ಹೊರಳಿದೆ ಕಣವ್ವ" ಅಂತ ಎಣ್ಣೆ ಬಿಸಿ ಮಾಡಿ ಚೆನ್ನಾಗಿ ನೀವಿದರು, ಉಪ್ಪಿನ ಶಾಖ ಕೊಟ್ಟರು. ಹೊಸ ಗಾಯಕ್ಕೆ ಶಾಖ ಮತ್ತು ತಿಕ್ಕು ಎರಡೂ ಆಗದು, ಊತ ಇನ್ನೂ ಹೆಚ್ಚಿತು. ಅಜ್ಜಿಯನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ, ಮುಂದೆ ನಾನು ಮಾಡಿದ್ದರ ಮುಂದೆ ಅದು ಏನೂ ಅಲ್ಲ.

ಮೂರನೇ ದಿನ, ಹನ್ನೆರಡನೇ ದಿನ

ಮೂರನೇ ದಿನ ಅಪ್ಪ ಕರೆತಂದರು. ಅಷ್ಟರಲ್ಲಿ ಒಂದು ಎಕ್ಸ್‌ರೇ ಆಗಿತ್ತು. "ಮೂಳೆ ಏನೂ ಮುರಿದಿಲ್ಲಂತೆ ಮೇಡಂ, ಬರೀ ನರ ಎಳ್ದಿರೋದು" ಅಂದರು, ಗೆದ್ದವರ ಧಾಟಿಯಲ್ಲಿ. ಎಕ್ಸ್‌ರೇಯಲ್ಲಿ ಲಿಗಮೆಂಟು ಕಾಣುವುದೇ ಇಲ್ಲ. ಮೂಳೆ ಸರಿಯಿದೆ ಅನ್ನುವುದರಿಂದ ಮಂಡಿ ಸರಿಯಿದೆ ಅಂತಾಗದು. ಇದನ್ನು ವಾರಕ್ಕೆ ಮೂರು ಸಲ ಹೇಳುತ್ತೇನೆ.

ಲ್ಯಾಕ್‌ಮನ್ ಪರೀಕ್ಷೆ ಮಾಡಿದೆ. ಮಂಡಿಯನ್ನು ಸುಮಾರು 20ರಿಂದ 30 ಡಿಗ್ರಿ ಬಾಗಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದರಲ್ಲಿ ಕೆಳಗಾಲನ್ನು ಮುಂದಕ್ಕೆ ಎಳೆಯುವುದು. ಗಟ್ಟಿ ಲಿಗಮೆಂಟಾದರೆ ಹಗ್ಗ ಬಿಗಿದಂತೆ ಟಕ್ಕನೆ ತಡೆಯುತ್ತದೆ. ಹರಿದಿದ್ದರೆ ಆ ತಡೆ ಸಿಗುವುದಿಲ್ಲ, ಕೈಗೆ ಮೆತ್ತಗೆ ಬರುತ್ತದೆ. ನೋವಿಗೆ ಹೆದರಿ ಅವಳು ತೊಡೆಯ ಹಿಂಭಾಗದ ಸ್ನಾಯು ಬಿಗಿ ಹಿಡಿದಿದ್ದರಿಂದ ಪೂರ್ತಿ ನಂಬುವಂತಿರಲಿಲ್ಲ. ಎಂಆರ್‌ಐ ಮಾಡಿಸಿ ಅಂದೆ. ದುಡ್ಡು ಹೊಂದಿಸುವುದಕ್ಕೆ ಒಂಬತ್ತು ದಿನ ಹಿಡಿಯಿತು.

ಹನ್ನೆರಡನೇ ದಿನದ ರಿಪೋರ್ಟು: ಎಡ ಎಸಿಎಲ್ ಪೂರ್ತಿ ಹರಿದಿದೆ. ತೊಡೆ ಮೂಳೆಯ ಹೊರಬದಿಯಲ್ಲೂ ಕೆಳಗಾಲಿನ ಮೂಳೆಯ ಹಿಂಬದಿಯಲ್ಲೂ ಜಜ್ಜಿದ ಗುರುತು. ತಿರುಚಿದ ಕ್ಷಣದಲ್ಲಿ ಎರಡು ಮೂಳೆಗಳು ಒಂದಕ್ಕೊಂದು ಬಡಿದುಕೊಂಡ ಸಾಕ್ಷಿ ಅದು. ಮೂಳೆಗಳ ನಡುವಿನ ಗಾದಿಗಳು, ಅಂದರೆ ಮೆನಿಸ್ಕಸ್, ಎರಡೂ ಸರಿಯಾಗಿವೆ. ಈ ಕೊನೆಯ ಸಾಲನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಈ ಎಸಿಎಲ್ ಮಂಡಿಯ ನಟ್ಟನಡುವೆ ಇರುವ, ಸುಮಾರು ಮೂರು ಸೆಂಟಿಮೀಟರ್ ಉದ್ದದ, ಕಿರುಬೆರಳ ದಪ್ಪದ ಪಟ್ಟಿ. ಕೆಳಗಾಲಿನ ಮೂಳೆ ತೊಡೆ ಮೂಳೆಯಡಿಯಿಂದ ಮುಂದಕ್ಕೆ ಜಾರದಂತೆ, ತಿರುಗುವಾಗ ಹದ ಮೀರದಂತೆ ಹಿಡಿಯುವುದು ಅದರ ಕೆಲಸ. ಹೆಣ್ಣುಮಕ್ಕಳ ಹ್ಯಾಂಡ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್ ಪಂದ್ಯಗಳ ವಿಡಿಯೋಗಳನ್ನು ಅಳೆದು ನೋಡಿದ ಸಂಶೋಧಕರು, ಕಾಲು ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡಿನಲ್ಲೇ ಅದು ಹರಿಯುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ಕಣ್ಣು ಮಿಟುಕಿಸುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹಾಗಾಗಿ "ಹುಷಾರಾಗಿ ಆಡು" ಅನ್ನುವ ಬುದ್ಧಿಮಾತಿಗೆ ಇಲ್ಲಿ ಅರ್ಥವಿಲ್ಲ. ಹುಷಾರಾಗುವಷ್ಟು ಸಮಯವೇ ಅಲ್ಲಿಲ್ಲ. ಬಾಸ್ಕೆಟ್‌ಬಾಲ್‌ನಲ್ಲಿ ಹುಡುಗಿಯರಿಗೆ ಈ ಗಾಯ ಹುಡುಗರಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು.

ಮೂಳೆ ಡಾಕ್ಟರು ಚೀಟಿಯಲ್ಲಿ ಬರೆದದ್ದು ಎರಡೇ ಮಾತು: ತಿರುಗುವ, ಜಿಗಿಯುವ ಆಟ ಬೇಡ; ಊತ ಇಳಿದು ಮಂಡಿ ಪೂರ್ತಿ ನೆಟ್ಟಗಾದ ಮೇಲೆ ಆಪರೇಷನ್ ವಿಚಾರ ಮಾತಾಡೋಣ. ಅಪ್ಪ ಆ ಚೀಟಿಯನ್ನು ಮಡಚಿ ಆಟೋದ ಗಾಜಿನ ಮೇಲಿನ ಸಂದಿಗೆ ಸಿಕ್ಕಿಸಿದರು. ರಾಜ್ಯಮಟ್ಟದ ಕೂಟ ಮುಗಿಯುವವರೆಗೂ ಅದು ಅಲ್ಲೇ ಇತ್ತಂತೆ.

ಮಂಡಿ ಸುಳ್ಳು ಹೇಳುವ ವಾರಗಳು

ಇಪ್ಪತ್ತನೇ ದಿನದ ಹೊತ್ತಿಗೆ ಊತ ಇಳಿಯಿತು. ಇಪ್ಪತ್ತೈದಕ್ಕೆ ನೆಟ್ಟಗೆ ಓಡತೊಡಗಿದಳು. ನೋವಿಲ್ಲ, ಕುಂಟಿಲ್ಲ. ಅಜ್ಜಿ ಎಣ್ಣೆಗೆ ಶ್ರೇಯ ಕೊಟ್ಟರು, ಕಾಲೇಜಿನ ದೈಹಿಕ ಶಿಕ್ಷಣದ ಪಿ.ಡಿ. ಸರ್ ಅವಳ ಗಟ್ಟಿತನಕ್ಕೆ ಕೊಟ್ಟರು, ಒಳಗೊಳಗೇ ನಾನು ನನ್ನ ವ್ಯಾಯಾಮಕ್ಕೆ ಕೊಟ್ಟುಕೊಂಡೆ.

ಹರಿದ ಎಸಿಎಲ್ ನೋಯುವುದಿಲ್ಲ. ನೋಯುವುದು ಜಜ್ಜಿದ ಮೂಳೆ, ರಕ್ತ ತುಂಬಿದ ಕೀಲು. ಅವು ಮೂರು ನಾಲ್ಕು ವಾರದಲ್ಲಿ ಸಮಾಧಾನವಾಗುತ್ತವೆ. ಲಿಗಮೆಂಟು ಹರಿದೇ ಇರುತ್ತದೆ. ನೇರ ಓಟಕ್ಕೆ, ಸೈಕಲ್ಲಿಗೆ, ಮೆಟ್ಟಿಲಿಗೆ ಅದರ ಅವಶ್ಯಕತೆ ಅಷ್ಟಾಗಿ ಇಲ್ಲ. ಬೇಕಾಗುವುದು ಓಡುತ್ತಿದ್ದವಳು ಗಕ್ಕನೆ ನಿಂತು ತಿರುಗುವಾಗ. ಪಾಯಿಂಟ್ ಗಾರ್ಡ್ ಪಂದ್ಯದುದ್ದಕ್ಕೂ ಮಾಡುವ ಕೆಲಸ ಅದೊಂದೇ.

ಹಾಗಾದರೆ ಎಸಿಎಲ್ ಇಲ್ಲದೆ ಯಾರೂ ಆಡುವುದೇ ಇಲ್ಲವೇ? ಆಡುತ್ತಾರೆ. ಪಿ.ಡಿ. ಸರ್ ಇದನ್ನು ಓದಿಕೊಂಡೇ ಬಂದಿದ್ದರು. "ಅಮೆರಿಕದ ಡಿಜುವಾನ್ ಬ್ಲೇರ್ ಎರಡೂ ಮಂಡೀಲಿ ಎಸಿಎಲ್ ಇಲ್ದೇನೇ ಎನ್‌ಬಿಎ ಆಡಿದಾನೆ ಮೇಡಂ" ಅಂದರು. ನಿಜವೇ. ಹೈಸ್ಕೂಲಿನಲ್ಲಿ ಎರಡೂ ಮಂಡಿಗೆ ಆಪರೇಷನ್ ಆಗಿ, ಆಮೇಲೆ ಆ ಲಿಗಮೆಂಟುಗಳು ಇಲ್ಲವಾದವು. 2009ರಲ್ಲಿ, ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಹೊಸ ಆಟಗಾರರ ಆಯ್ಕೆಯಲ್ಲಿ, ಸ್ಯಾನ್ ಆಂಟೋನಿಯೋ ಸ್ಪರ್ಸ್ ತಂಡ ಅವನನ್ನು 37ನೆಯವನಾಗಿ ಆರಿಸಿತು, ಮೊದಲ ಸೀಸನ್ನಿನ 82 ಪಂದ್ಯಗಳಲ್ಲೂ ಆಡಿದ. ಆದರೆ ಅವನು ಬಾಸ್ಕೆಟ್ಟಿನಡಿ ನಿಂತು ರಿಬೌಂಡ್ ಕೀಳುವ ಭಾರೀ ಆಳು. ಆ ಮಂಡಿಗಳ ಜೊತೆ ಅವನ ಸ್ನಾಯುಗಳು ವರ್ಷಗಟ್ಟಲೆ ಹೊಂದಿಕೊಂಡಿದ್ದವು. ನಮ್ಮ ಹುಡುಗಿಗೆ ಆಗಿದ್ದು ನಾಲ್ಕು ವಾರ.

ಹುಡುಗಿಯ ಫೋನಿನಲ್ಲಿ ಇನ್ನೊಂದು ವಿಡಿಯೋ ಇತ್ತು: 2019ರ ಜೂನ್ 13, ಎನ್‌ಬಿಎ ಫೈನಲ್ಸ್‌ನ ಆರನೇ ಪಂದ್ಯ. ಕ್ಲೇ ಥಾಂಪ್ಸನ್ ಜಿಗಿದು ಇಳಿಯುವಾಗ ಎಡ ಎಸಿಎಲ್ ಹರಿಯುತ್ತದೆ. ಒಳಗೆ ಹೋಗುತ್ತಿದ್ದವನು ಹಿಂತಿರುಗಿ ಬಂದು ಎರಡೂ ಫ್ರೀ ಥ್ರೋ ಹಾಕುತ್ತಾನೆ, ಎರಡೂ ಬೀಳುತ್ತವೆ. ಅವಳು ಅಲ್ಲಿಗೆ ವಿಡಿಯೋ ನಿಲ್ಲಿಸುತ್ತಿದ್ದಳು. ಅವನು ಮತ್ತೆ ಕೋರ್ಟಿಗಿಳಿದದ್ದು 941 ದಿನದ ನಂತರ, 2022ರ ಜನವರಿಯಲ್ಲಿ. ಮಧ್ಯೆ ಹಿಮ್ಮಡಿಯ ಸ್ನಾಯುರಜ್ಜು ಬೇರೆ ಹರಿಯಿತು. ಫ್ರೀ ಥ್ರೋ ಹಾಕುವಾಗ ತಿರುಗುವ ಅಗತ್ಯವಿಲ್ಲ, ಅದಕ್ಕೇ ಹಾಕಿದ ಅಂತ ನಾನು ಹೇಳಿದೆ. ಅವಳು ನನ್ನನ್ನು ಅರಸಿಕಳನ್ನು ನೋಡುವಂತೆ ನೋಡಿದಳು.

ಮನೆಯ ಲೆಕ್ಕ ಹೀಗಿತ್ತು: ರಾಜ್ಯಮಟ್ಟದಲ್ಲಿ ಚೆನ್ನಾಗಿ ಆಡಿದರೆ ರಾಷ್ಟ್ರಮಟ್ಟದ ತಂಡಕ್ಕೆ ಆಯ್ಕೆ, ಆ ಸರ್ಟಿಫಿಕೇಟು ಸಿಕ್ಕರೆ ಸಿಇಟಿಯಲ್ಲಿ ಕ್ರೀಡಾ ಕೋಟಾದ ಆಸೆ. "ಆಪರೇಷನ್ ಹೆಂಗೂ ಆಗ್ಲೇಬೇಕು ಅಂತೀರ. ಹರಿದಿರೋದು ಹರಿದಾಗಿದೆ. ಇನ್ನೇನು ಹರಿಯೋದಿದೆ ಮೇಡಂ? ಆಡ್ಬುಟ್ಟೇ ಮಾಡ್ಸನ" ಅಂದರು ಅಪ್ಪ.

ಈ ಪ್ರಶ್ನೆಗೆ ಸರಿಯಾದ ಉತ್ತರ ಎಂಆರ್‌ಐ ರಿಪೋರ್ಟಿನ ಕೊನೆಯ ಸಾಲಿನಲ್ಲಿತ್ತು. ಹರಿಯಲು ಬಾಕಿಯಿದ್ದದ್ದು ಮೆನಿಸ್ಕಸ್. ಎರಡು ಮೂಳೆಗಳ ನಡುವೆ ಸಿಂಬೆಯಂತೆ ಕೂತ ಆ ಅರ್ಧಚಂದ್ರದ ಗಾದಿಯೇ ಮಂಡಿಗೆ ಮುಂದಿನ ನಲವತ್ತು ವರ್ಷದ ಆಸ್ತಿ. ಎಸಿಎಲ್ ಇಲ್ಲದ ಮಂಡಿ ಒಂದೊಂದು ಸಲ ಜಾರಿದಾಗಲೂ ಅದು ಮೂಳೆಗಳ ನಡುವೆ ಸಿಕ್ಕಿ ಅರೆಯುವ ಸಂಭವ. ಲಿಗಮೆಂಟನ್ನು ಬೇರೆ ಕಡೆಯಿಂದ ತಂದು ಕೂರಿಸಬಹುದು, ಆದರೆ ಕಳೆದ ಮೆನಿಸ್ಕಸ್ಸಿಗೆ ಅಷ್ಟು ಒಳ್ಳೆಯ ಬದಲಿಯಿಲ್ಲ. ಇದನ್ನು ನಾನು ಹೇಳಿದೆ. ಹೇಳಿದ್ದು ಸಾಲದಾಗಿತ್ತು ಅಂತ ಈಗ ಅನಿಸುತ್ತದೆ, ಯಾಕೆಂದರೆ ಹೇಳಿದ ಬೆನ್ನಿಗೇ "ಆದರೆ" ಸೇರಿಸಿದೆ.

"ಆದರೆ" ಎಂಬ ನನ್ನ ಮಾತು

ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದವರು 2000ದ ಹೊತ್ತಿಗೆ ಒಂದು ಜರಡಿ ರೂಪಿಸಿದ್ದರು. ಎಸಿಎಲ್ ಹರಿದವರಲ್ಲಿ ಕೆಲವರ ಸ್ನಾಯುಗಳು ಮಂಡಿಯನ್ನು ಹಿಡಿದು ನಿಭಾಯಿಸುತ್ತವೆ, ಕೆಲವರದ್ದು ಇಲ್ಲ. ಯಾರು ಯಾರು ಅಂತ ಬೇರ್ಪಡಿಸಲು ನಾಲ್ಕು ಅಳತೆ. ಗಾಯದ ನಂತರ ಮಂಡಿ ಒಂದಕ್ಕಿಂತ ಹೆಚ್ಚು ಸಲ ಜಾರಿರಬಾರದು. ಒಂಟಿಗಾಲಲ್ಲಿ ಆರು ಮೀಟರ್ ಕುಪ್ಪಳಿಸುವ ವೇಗ ಒಳ್ಳೆಯ ಕಾಲಿನ ಶೇ. 80 ಇರಬೇಕು. ದಿನನಿತ್ಯದ ಓಡಾಟದ ಪ್ರಶ್ನಾವಳಿಯಲ್ಲೂ ಶೇ. 80. ತನ್ನ ಮಂಡಿಗೆ ತಾನೇ ಕೊಡುವ ಅಂಕ 60. ನಾಲ್ಕೂ ದಾಟಿದವರಿಗೆ ಹತ್ತು ಸಲದ ಸಮತೋಲನ ತರಬೇತಿ, ಅಲುಗಾಡುವ ಹಲಗೆಯ ಮೇಲೆ ನಿಲ್ಲಿಸಿ ಮಾಡಿಸುವಂಥದ್ದು. ಆಮೇಲೆ ಆಟ. ಆಪರೇಷನ್ ಎಲ್ಲರಿಗೂ ಅನಿವಾರ್ಯವಲ್ಲ ಅನ್ನುವುದಕ್ಕೂ ಆಧಾರವಿದೆ. ಸ್ವೀಡನ್ನಿನಲ್ಲಿ 121 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ವ್ಯಾಯಾಮ ಮಾತ್ರ ಕೊಟ್ಟ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನ ಎರಡು ವರ್ಷವಾದರೂ ಆಪರೇಷನ್ ಮಾಡಿಸಿಕೊಂಡಿರಲಿಲ್ಲ. ಅಂದರೆ ನನ್ನ "ಆದರೆ" ಗಾಳಿಯಿಂದ ಬಂದದ್ದಲ್ಲ, ಓದಿನಿಂದ ಬಂದದ್ದು. ಅದೇ ಅದನ್ನು ಇನ್ನಷ್ಟು ಅಪಾಯಕಾರಿ ಮಾಡಿತು.

ಇಪ್ಪತ್ತೊಂಬತ್ತನೇ ದಿನ ಅಳೆದೆ. ಕುಪ್ಪಳಿಸುವ ವೇಗ 82. ಪ್ರಶ್ನಾವಳಿ 84. ತಾನೇ ಕೊಟ್ಟುಕೊಂಡ ಅಂಕ 90 (ಹದಿನೇಳು ವರ್ಷ!). ಜಾರಿದ್ದು ಒಂದು ಸಲ, ಹದಿನಾರನೇ ದಿನ, ಬಸ್ಸಿನ ಮೆಟ್ಟಿಲಿಳಿದು ಪಕ್ಕಕ್ಕೆ ತಿರುಗಿದಾಗ. ನಾಲ್ಕೂ ಗೆರೆಯ ಮೇಲೆಯೇ. ತಾನೇ ಕೊಟ್ಟುಕೊಂಡ ಅಂಕ ಬಿಟ್ಟರೆ, ಕೂದಲೆಳೆಯಷ್ಟು ಮೇಲೆ.

ಆಗ ನಾನೊಂದು ಮಾತಂದೆ. "ನೋಡು, ಇನ್ನೊಂದೇ ಒಂದು ಸಲ ಜಾರಿತು ಅಂದ್ರೆ ಆಟ ಇಲ್ಲ. ನಾನು ಒಪ್ಪಲ್ಲ."

ಕಟ್ಟುನಿಟ್ಟಾಗಿ ಹೇಳಿದೆ ಅಂತ ನನಗೆ ಆವತ್ತು ಸಮಾಧಾನವೂ ಆಗಿತ್ತು.

ಹತ್ತು ಸಲದ ತರಬೇತಿಗೆ ದಿನ ಸಾಲದೆ ಐದು ಸಲ ಮಾಡಿಸಿದೆ. ಮೂವತ್ತೈದನೇ ದಿನ ಮತ್ತೆ ಕೇಳಿದೆ: "ಜಾರಿತ್ತಾ?" "ಇಲ್ಲ ಮೇಡಂ." ಅಜ್ಜಿ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತು ಸೆರಗಿನ ಅಂಚು ಮಡಚುತ್ತಿದ್ದರು. ಪಿ.ಡಿ. ಸರ್‌ಗೆ ಫೋನ್ ಮಾಡಿ ಷರತ್ತು ಹೇಳಿದೆ: ಒಂದು ಪಂದ್ಯಕ್ಕೆ ಹದಿನೈದು ನಿಮಿಷ ಮೀರಬಾರದು, ಬಾಲ್ ಸಿಕ್ಕ ಕೂಡಲೇ ಎದುರಾಳಿ ಬಾಸ್ಕೆಟ್ಟಿಗೆ ನುಗ್ಗುವ ಫಾಸ್ಟ್ ಬ್ರೇಕ್‌ಗೆ ಅವಳನ್ನು ಓಡಿಸಬಾರದು, ಊತ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಅವರು ಎಲ್ಲಕ್ಕೂ "ಆಯ್ತು ಮೇಡಂ" ಅಂದರು. ಆವತ್ತು ಅವರು ಸುಳ್ಳು ಹೇಳಲಿಲ್ಲ ಅಂತ ಈಗಲೂ ನಂಬುತ್ತೇನೆ.

ಹೊರಡುವ ಹಿಂದಿನ ದಿನ ಟೇಪು ಕಟ್ಟುವುದನ್ನು ಅವಳ ಗೆಳತಿಗೆ ಕಲಿಸಿದೆ. ಮಂಡಿಯ ಎರಡೂ ಬದಿ ಅಡ್ಡಪಟ್ಟಿ, ಮೇಲೊಂದು ನೀ ಕ್ಯಾಪ್. ಬೆವರು ಮತ್ತು ಓಟಕ್ಕೆ ಆ ಟೇಪು ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ, ಎಸಿಎಲ್ಲಿನ ಕೆಲಸವನ್ನು ಅದು ಮೊದಲ ನಿಮಿಷದಲ್ಲೂ ಮಾಡುವುದಿಲ್ಲ. ಗೊತ್ತಿದ್ದೂ ಕಟ್ಟಿದೆ. ಆ ನೀಲಿ ಪಟ್ಟಿಗಳನ್ನು ನೋಡಿದವರಿಗೆಲ್ಲ, ಅಪ್ಪನಿಗೆ, ಪಿ.ಡಿ. ಸರ್‌ಗೆ, ಎದುರಾಳಿ ತಂಡಕ್ಕೂ, ಯಾರೋ ತಿಳಿದವರು ನೋಡಿ ಒಪ್ಪಿದ್ದಾರೆ ಅಂತ ಕಂಡಿತು. ಡಾಕ್ಟರ ಚೀಟಿ ಆಟೋದಲ್ಲಿತ್ತು, ನನ್ನ ಒಪ್ಪಿಗೆ ಅವಳ ಕಾಲಿನ ಮೇಲೆ ಕಾಣುವಂತಿತ್ತು.

ಮೂರನೇ ಪಂದ್ಯ

ಮೊದಲ ದಿನ ಹದಿನಾಲ್ಕು ನಿಮಿಷ ಆಡಿದಳು, ಗೆದ್ದರು. ಎರಡನೇ ದಿನ ಹದಿನೆಂಟು, ಗೆದ್ದರು. ಫೋನಿನಲ್ಲಿ "ಏನೂ ಆಗಿಲ್ಲ ಮೇಡಂ, ಸೂಪರ್ ಆಗಿದೆ" ಅಂದಳು. ಮೂರನೇ ದಿನ ಕ್ವಾರ್ಟರ್ ಫೈನಲ್. ಇನ್ನೊಬ್ಬ ಗಾರ್ಡ್ ಮೂರನೇ ಕ್ವಾರ್ಟರಿನಲ್ಲೇ ಐದು ಫೌಲ್ ಆಗಿ ಹೊರಗೆ ಹೋದಳು. ಬೆಂಚಿನಲ್ಲಿ ಬಾಲ್ ತರಬಲ್ಲವರು ಬೇರೆ ಯಾರಿರಲಿಲ್ಲ. ನನ್ನ ಹದಿನೈದು ನಿಮಿಷದ ಷರತ್ತು ಮುರಿದದ್ದು ಹೀಗೆ, ಯಾರ ದುರಾಸೆಯಿಂದಲೂ ಅಲ್ಲ.

ಗೆಳತಿಯೊಬ್ಬಳು ತೆಗೆದ ವಿಡಿಯೋ ನನ್ನಲ್ಲಿದೆ. ಕೊನೆಯ ಕ್ವಾರ್ಟರು, ಮೂರು ನಿಮಿಷ ಬಾಕಿ, ನಾಲ್ಕು ಪಾಯಿಂಟ್ ಹಿಂದೆ. ಆ ಹೊತ್ತಿಗೆ ಅವಳು ಮೂವತ್ತು ನಿಮಿಷ ದಾಟಿ ಆಡಿದ್ದಳು, ಟೇಪಿನ ಒಂದು ತುದಿ ಬಿಚ್ಚಿ ನೇತಾಡುತ್ತಿದೆ. ಬಾಲ್ ಹಿಡಿದು ಎಡಗಾಲ ಮೇಲೆ ತಿರುಗುತ್ತಾಳೆ. ಈ ಸಲವೂ ಯಾರೂ ಮುಟ್ಟಿಲ್ಲ. ಕೂತುಬಿಡುತ್ತಾಳೆ. ಬೆಂಚಿನಿಂದ "ಏಳು! ಏಳು!" ಅಂತ ಕೂಗು. ನಂಬರು ಕರೆಯುತ್ತಿದ್ದಾರೋ, ಎದ್ದೇಳು ಅನ್ನುತ್ತಿದ್ದಾರೋ ಗೊತ್ತಾಗುವುದಿಲ್ಲ. ಬಹುಶಃ ಅವರಿಗೂ ಗೊತ್ತಿರಲಿಲ್ಲ.

ಮಂಡಿ ಬಾಗಿದ ಜಾಗದಲ್ಲೇ ಸಿಕ್ಕಿಕೊಂಡಿತ್ತು, ನೆಟ್ಟಗಾಗದು. ಯಾರೋ ಎಳೆದು ಸರಿಮಾಡಲು ಮುಂದಾದರಂತೆ, ಪಿ.ಡಿ. ಸರ್ ತಡೆದರು. ಆ ಕೆಲಸಕ್ಕೆ ಅವರಿಗೆ ನಾನು ಋಣಿ. ಹಾಗೆ ಸಿಕ್ಕಿಕೊಂಡ ಮಂಡಿಯನ್ನು ಎಳೆದರೆ ಒಳಗೆ ಮಗುಚಿದ್ದು ಚಿಂದಿಯಾಗುತ್ತದೆ. ರಾತ್ರಿಯಿಡೀ ಬಸ್ಸಿನ ಕೊನೆಯ ಸೀಟಿನಲ್ಲಿ, ಬ್ಯಾಗುಗಳ ಮೇಲೆ ಕಾಲಿಟ್ಟು ಹಾಸನಕ್ಕೆ ಬಂದಳು.

ಎರಡನೇ ಎಂಆರ್‌ಐ: ಒಳಬದಿಯ ಮೆನಿಸ್ಕಸ್ ಉದ್ದಕ್ಕೆ ಸೀಳಿ, ಬಕೆಟ್ಟಿನ ಹಿಡಿಕೆಯಂತೆ ಮಗುಚಿ ಕೀಲಿನ ನಡುವೆ ಸಿಕ್ಕಿಕೊಂಡಿದೆ. ಮೊದಲ ರಿಪೋರ್ಟಿನ ಕೊನೆಯ ಸಾಲು ಹೋಯಿತು.

ಎರಡು ವಾರದೊಳಗೆ ಆಪರೇಷನ್. ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಹೊಸ ಎಸಿಎಲ್ ಕೂರಿಸಿದರು. ಸೀಳು ರಕ್ತ ಹರಿಯುವ ಹೊರ ಅಂಚಿನಲ್ಲಿದ್ದುದರಿಂದ ಮೆನಿಸ್ಕಸ್ ಹೊಲಿಯಲು ಸಾಧ್ಯವಾಯಿತು. ಒಳ ಅಂಚಿಗೆ ರಕ್ತ ಹೋಗುವುದಿಲ್ಲ, ಅಲ್ಲಿ ಹೊಲಿಗೆ ಕೂಡಿಕೊಳ್ಳುವುದು ಕಷ್ಟ, ಕತ್ತರಿಸಿ ತೆಗೆಯುತ್ತಾರೆ. ಬರೀ ಎಸಿಎಲ್ ಆಗಿದ್ದರೆ ಎರಡು ಮೂರು ವಾರದಲ್ಲಿ ಊರುಗೋಲು ಬಿಡುತ್ತಿದ್ದಳು. ಹೊಲಿಗೆಯ ಕಾರಣ ಆರು ವಾರ ಊರುಗೋಲು, 90 ಡಿಗ್ರಿ ಮೀರಿ ಬಾಗಿಸುವಂತಿಲ್ಲ. ಪಿಯುಸಿಯ ಪ್ರ್ಯಾಕ್ಟಿಕಲ್ ಪರೀಕ್ಷೆಗೆ ಬ್ರೇಸ್ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತು ಟೈಟ್ರೇಷನ್ ಮಾಡಿದಳು.

ಸೈಕಲ್ ಮೇಲೆ ಹೊರಬಿದ್ದ ಮಾತು

ವಾರಕ್ಕೆ ಮೂರು ಸಲ ಬರುತ್ತಿದ್ದಳು. ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿ ಹುಡುಗಿಯರ ವ್ಯಾಯಾಮ ತಪ್ಪುವುದು ಕಡಿಮೆಯಾಗಿದೆ. ಮೊದಲೆಲ್ಲ ನೋವು ನಿಂತ ಕೂಡಲೇ ಬಸ್ ಚಾರ್ಜಿನ ಲೆಕ್ಕ ಹಾಕಿ ಬಿಟ್ಟುಬಿಡುತ್ತಿದ್ದರು. ಇದನ್ನು ಯಾವ ವರದಿಯಲ್ಲೂ ಓದಿದ್ದಲ್ಲ, ನನ್ನ ಹಾಜರಿ ಪುಸ್ತಕದಲ್ಲಿ ನೋಡಿದ್ದು.

ಐದನೇ ತಿಂಗಳು. ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಇದ್ದಾಗ, ಮುಖ ಗೋಡೆಯ ಕಡೆ ತಿರುಗಿಸಿಕೊಂಡೇ ಹೇಳಿದಳು: "ಮೇಡಂ, ಎರಡನೇ ಸಲಾನೂ ಜಾರಿತ್ತು."

ಮೂವತ್ಮೂರನೇ ದಿನ. ಹಾಸನಾಂಬೆಯ ಬಾಗಿಲು ತೆರೆದಿದ್ದ ವಾರ. ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ಕೆಲವೇ ದಿನ ತೆರೆಯುವ ಬಾಗಿಲು ಅದು. ಊರಿಗೆ ಊರೇ ಸಾಲಿನಲ್ಲಿ ನಿಂತಿರುತ್ತದೆ. ಮಂಡಿಗೆಂದೇ ಹರಕೆ ಹೊತ್ತು ಅಜ್ಜಿ ಅವಳನ್ನು ಕರೆದುಕೊಂಡು ಹೋಗಿದ್ದರು. ಧರ್ಮದರ್ಶನದ ಸಾಲಿನಲ್ಲಿ ನಾಲ್ಕು ಗಂಟೆ. ಹಿಂದಿನಿಂದ ತಳ್ಳಾಟವಾಗಿ, ಅಜ್ಜಿ ಬೀಳುತ್ತಾರೆ ಅಂತ ಹಿಡಿಯಲು ತಿರುಗಿದ್ದಾಳೆ. ಮಂಡಿ ಬಿಟ್ಟುಕೊಂಡಿತು. ಬ್ಯಾರಿಕೇಡಿನ ಕಂಬಿ ಹಿಡಿದು ನಿಂತಳು. ಅಜ್ಜಿಗೆ ಗೊತ್ತಾಯಿತು. "ಮೇಡಂಗೆ ಹೇಳ್ಬ್ಯಾಡ ಅಜ್ಜಿ" ಅಂದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮನ ಸನ್ನಿಧೀಲಿ ಆಗಿದ್ದು, ಅವ್ಳೇ ನೋಡ್ಕತಾಳೆ ಬಿಡು" ಅಂದರಂತೆ.

ಬೆಂಚಿನ ಮೇಲೆ ಕೂತು ಸೆರಗು ಮಡಚುತ್ತಿದ್ದ ಅಜ್ಜಿ ನೆನಪಾದರು.

"ಯಾಕೆ ಹೇಳಲಿಲ್ಲ?" ಅಂತ ಕೇಳಿದೆ. ಕೇಳಬಾರದಿತ್ತು. "ನೀವೇ ಹೇಳಿದ್ರಲ್ಲ ಮೇಡಂ, ಇನ್ನೊಂದು ಸಲ ಅಂದ್ರೆ ಆಟ ಇಲ್ಲ ಅಂತ."

ಈ ಪ್ರಕರಣದಲ್ಲಿ ನಾನು ಬರೆಯಬೇಕೆಂದಿದ್ದದ್ದು ಇದೇ. ನಾಲ್ಕು ಅಳತೆಗಳಲ್ಲಿ ಕುಪ್ಪಳಿಸುವುದೊಂದು ನನ್ನ ಕಣ್ಣೆದುರು ನಡೆಯುವಂಥದ್ದು. ಉಳಿದ ಮೂರೂ ಅವಳ ಬಾಯಿಂದ ಬರಬೇಕಾದವು. ಗೆರೆ ಎಲ್ಲಿದೆ ಅಂತ ಮೊದಲೇ ತೋರಿಸಿದ ಮೇಲೆ, ಆಡಲೇಬೇಕೆಂದು ಹಟ ಹಿಡಿದ ಹುಡುಗಿ ಯಾವ ಕಡೆ ಕಾಲಿಡುತ್ತಾಳೆ ಅನ್ನುವುದಕ್ಕೆ ಸಂಶೋಧನೆ ಬೇಕಿಲ್ಲ. ಪ್ರಶ್ನೆಪತ್ರಿಕೆಯ ಜೊತೆ ಉತ್ತರವನ್ನೂ ಕೊಟ್ಟು, ಪಾಸಾದಳು ಅಂತ ನಾನು ಸರ್ಟಿಫಿಕೇಟು ಕಟ್ಟಿದೆ. ಡೆಲವೇರಿನ ಜರಡಿ ತಪ್ಪಲ್ಲ. ಅದನ್ನು ಪ್ರಯೋಗಿಸಿದವರ ಎದುರಿಗೆ ಮೂರು ದಿನದಲ್ಲಿ ಹೊರಡುವ ಬಸ್ಸು ನಿಂತಿರಲಿಲ್ಲ, ಅಷ್ಟೇ. ನನ್ನ ಎದುರಿಗೆ ನಿಂತಿತ್ತು.

ಪಿ.ಡಿ. ಸರ್ ಮೇಲೆ ತಪ್ಪು ಹೊರಿಸುವವರು ನಮ್ಮಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅವರು ಎರಡು ಸಲ ನನ್ನ ಕೋಣೆಗೆ ಬಂದು, ಪೇಪರಿನಲ್ಲಿ ಬರೆದುಕೊಂಡು ಹೋದವರು. ಬೇರೆ ತಂಡಗಳ ಎಷ್ಟೋ ಮಕ್ಕಳು ಕ್ರೇಪ್ ಬ್ಯಾಂಡೇಜು ಸುತ್ತಿಕೊಂಡು, ಯಾರನ್ನೂ ಕೇಳದೆ ಆಡುತ್ತಾರೆ. ಇವರು ಕೇಳಿದರು. ಉತ್ತರ ಕೊಟ್ಟವಳು ನಾನು.

ಆಮೇಲೆ ಕೆಲವು ಬದಲಾಯಿಸಿದ್ದೇನೆ. ಜಾರಿದ ಲೆಕ್ಕವನ್ನು ಆಟಗಾರರನ್ನೊಬ್ಬರನ್ನೇ ಕೇಳುವುದಿಲ್ಲ; ಮನೆಯವರು, ಜೊತೆ ಆಡುವವರು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳುತ್ತೇನೆ. "ಜಾರಿತ್ತಾ" ಅನ್ನುವುದಿಲ್ಲ, "ಈ ವಾರ ಎಲ್ಲೆಲ್ಲಿ ಹೋಗಿದ್ದೆ, ಏನೇನ್ ಮಾಡ್ದೆ" ಅನ್ನುತ್ತೇನೆ, ಕತೆಯಲ್ಲಿ ಜಾರಿಕೆ ತಾನಾಗಿ ಬರುತ್ತದೆ. ಪಂದ್ಯಕ್ಕೆಂದು ಮಂಡಿಗೆ ಟೇಪು ಕಟ್ಟುವುದನ್ನು ನಿಲ್ಲಿಸಿದ್ದೇನೆ. ಪಿ.ಡಿ. ಸರ್ ಕೂಡ ಒಂದು ಬದಲಾಯಿಸಿದ್ದಾರೆ: ಅಭ್ಯಾಸಕ್ಕೆ ಮುಂಚೆ ಹುಡುಗಿಯರಿಗೆ ಹದಿನೈದು ನಿಮಿಷ ಜಿಗಿದು ಇಳಿಯುವ, ಮಂಡಿ ಒಳಕ್ಕೆ ಬಾಗದಂತೆ ನಿಲ್ಲುವ, ಒಂಟಿಗಾಲ ಸಮತೋಲನದ ಕಸರತ್ತು. ಇಂಥ ಕಸರತ್ತು ತಪ್ಪದೆ ಮಾಡಿದ ಹೆಣ್ಣುಮಕ್ಕಳ ತಂಡಗಳಲ್ಲಿ ಎಸಿಎಲ್ ಗಾಯ ಅರ್ಧದಷ್ಟು ಇಳಿದದ್ದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ದುಡ್ಡಿಲ್ಲ, ಸಾಮಾನಿಲ್ಲ, ಒದ್ದೆಯಿಲ್ಲದ ಕೋರ್ಟೊಂದಿದ್ದರೆ ಸಾಕು.

ಈಗ

ಅವಳು ರಾಷ್ಟ್ರಮಟ್ಟಕ್ಕೆ ಹೋಗಲಿಲ್ಲ. ಸಿಇಟಿಯಲ್ಲಿ ಸಾಮಾನ್ಯ ರ‍್ಯಾಂಕಿನಲ್ಲೇ ಎಂಜಿನಿಯರಿಂಗ್ ಸೀಟು ಸಿಕ್ಕಿತು, ಊರಲ್ಲೇ. ಆಪರೇಷನ್ ಆಗಿ ಹತ್ತೂವರೆ ತಿಂಗಳು. ಒಂಬತ್ತು ತಿಂಗಳ ಮೊದಲು ಆಟಕ್ಕಿಳಿಯಬಾರದು ಅನ್ನುವುದಕ್ಕೆ ನಾರ್ವೆಯವರ 2016ರ ಅಧ್ಯಯನ ಅವಳಿಗೆ ಓದಿಸಿದ್ದೇನೆ: ಒಂಬತ್ತು ತಿಂಗಳವರೆಗೆ ಒಂದೊಂದು ತಿಂಗಳು ತಡ ಮಾಡಿದಷ್ಟೂ ಮರುಗಾಯದ ಪ್ರಮಾಣ ಅರ್ಧರ್ಧ ಇಳಿದಿತ್ತು. ಅದರಲ್ಲೇ ಇನ್ನೊಂದು ಅಂಕಿ ಇದೆ. ಆಟಕ್ಕೆ ಮರಳುವ ಪರೀಕ್ಷೆಗಳನ್ನು ಪಾಸು ಮಾಡಿ ಇಳಿದವರಲ್ಲಿ ಶೇ. 5.6 ಜನಕ್ಕೆ ಮತ್ತೆ ಮಂಡಿ ಗಾಯವಾಯಿತು, ಫೇಲಾಗಿಯೂ ಇಳಿದವರಲ್ಲಿ ಶೇ. 38.2 ಜನಕ್ಕೆ. ಓದಿ ಮುಗಿಸಿ "ಆ ಮೂವತ್ತೆಂಟರಲ್ಲಿ ನಾನೂ ಒಬ್ಳು" ಅಂದಳು. ಲೆಕ್ಕದ ಪ್ರಕಾರ ಅಲ್ಲ, ಅದು ಆಪರೇಷನ್ ಆದವರ ಅಂಕಿ. ತಿದ್ದಲು ಹೋಗಲಿಲ್ಲ.

ಹೋದ ವಾರ ಬಂದಿದ್ದಳು. ತೊಡೆಯ ಮುಂಭಾಗದ ಶಕ್ತಿಯನ್ನು ಜಿಮ್ಮಿನ ಯಂತ್ರದಲ್ಲಿ ನೋಡಿ ಬಂದಾಗಿತ್ತು. ಇನ್ನು ಉಳಿದದ್ದು ಕುಪ್ಪಳಿಸುವುದು. ಕೋಣೆಯ ಹಿಂದಿನ ಸಿಮೆಂಟ್ ಅಂಗಳದಲ್ಲಿ ಅಳತೆ ಪಟ್ಟಿ ಹಾಸಿದೆ. ಅಜ್ಜಿ ಅದೇ ಬೆಂಚಿನಲ್ಲಿ, ಈ ಸಲ ಕಣ್ಣು ಅವಳ ಕಾಲಿನ ಮೇಲೇ. ಬಲಗಾಲಲ್ಲಿ ಮೂರು ಸಲ ಹಾರಿದಳು, ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಎಡಗಾಲ ಮೇಲೆ ನಿಂತು, ಕೈ ಹಿಂದಕ್ಕೆ ಬೀಸಿ, ಹಾರುವ ಮುಂಚೆ ನನ್ನ ಕಡೆ ತಿರುಗಿದಳು.

"ಎಷ್ಟ್ ಬಂದ್ರೆ ಬಿಡ್ತೀರ ಮೇಡಂ?"

"ನೀನು ಹಾರು ಮೊದಲು" ಅಂದೆ.